ನರಗುಂದದಲ್ಲಿ ಗಂಗವ್ವನ ಕಿವಿ ಹೊಲಿಸಿದ್ದು

ದೆವ್ವ, ಗಾಳಿ, ಸತ್ತವರ ಸುಳಿವು ಎಂದು ಯಾರಾದರೂ ಹೇಳತೊಡಗಿದರೆ ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕವಳು. ನಮ್ಮಪ್ಪ ಬೆಳಗಾವಿಯಲ್ಲಿ ದಂಡಿಗೆ ಜೋಳ, ಕಡಲೆ ಒದಗಿಸುವ ವ್ಯಾಪಾರಿ. ಬಳಗದವರು ಆಡಿಕೊಂಡರೂ ಕೇಳದೆ ನನ್ನನ್ನು ಸನ್ಯಾಸಿನಿಯರು ನಡೆಸುತ್ತಿದ್ದ ಕಾನ್ವೆಂಟ್ ಶಾಲೆಗೆ ಕಳಿಸಿದ್ದ. ಅಲ್ಲಿ ಓದು, ಬರಹ, ಹೊಲಿಗೆ ಕಲಿತೆ. ಕಣ್ಣಿಗೆ ಬಿದ್ದದ್ದನ್ನು ಬಿದ್ದಷ್ಟೇ ಹೇಳಬೇಕು, ಒಂದು ಎಳೆಯನ್ನೂ ಸೇರಿಸಬಾರದು ಎಂಬುದನ್ನೂ ಕಲಿತೆ. ಈಗ ಬರೆಯುತ್ತಿರುವುದನ್ನು ಹಾಗೆಯೇ ಬರೆಯುತ್ತೇನೆ. ನಂಬಿರಿ ಎಂದು ಕೇಳುವುದಿಲ್ಲ. ನಾನಾದರೂ ಪೂರ್ತಿ ನಂಬಿದ್ದೇನೋ ಇಲ್ಲವೋ, ಅದೂ ಗೊತ್ತಿಲ್ಲ.

ಇದನ್ನು ಬರೆಯಲು ಕಾರಣ ಕಿವಿ. ನಮ್ಮ ಓಣಿಯಲ್ಲಿ ಯಾರ ಮನೆಯ ಹುಡುಗಿಗಾದರೂ ಕಿವಿ ಮುಂದಕ್ಕೆ ಚಾಚಿಕೊಂಡಿದ್ದರೆ ತಾಯಂದಿರು ನನ್ನ ಹತ್ತಿರ ಬರುತ್ತಾರೆ. “ಕೊಯ್ಸಿದ್ರ ಏನೇನ ಆಗತೈತ್ರಿ? ಭಾಳ ನೋವಾಗತೈತೇನ್ರಿ?” ಎಂದು ಕೇಳುತ್ತಾರೆ. ನನಗೆ ತಿಳಿದದ್ದನ್ನೆಲ್ಲ ಹೇಳುತ್ತೇನೆ. ಒಂದು ಸಂಜೆಯದನ್ನು ಮಾತ್ರ ಬಿಟ್ಟು ಹೇಳುತ್ತೇನೆ.

ಈಗ ಹೊಳೆಆಲೂರಿಗೆ ರೈಲು ಬಂದಿದೆ. ಇದು ಅದಕ್ಕೂ ಬಹಳ ಹಿಂದಿನ ಮಾತು. ನರಗುಂದದ ಬಂಡಾಯ ಇನ್ನೂ ಆಗಿರಲಿಲ್ಲ. ಗುಡ್ಡದ ಮೇಲಿನ ಕೋಟೆಯಲ್ಲಿ ಸಂಸ್ಥಾನದ ನಗಾರಿ ಇನ್ನೂ ಮೊಳಗುತ್ತಿತ್ತು. ನಾನು ಗಜೇಂದ್ರಗಡದ ಅರಿವೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ಮನೆಯಲ್ಲಿ ನನಗೆ ಮೊದಲು ಜೊತೆಯಾದವಳು ನನ್ನ ಗಂಡನ ತಂಗಿ ಗಂಗವ್ವ. ಬಾಯಿ ಬಿಟ್ಟರೆ ನಗು, ಮುಚ್ಚಿದರೆ ಕಣ್ಣಲ್ಲಿ ನಗು, ಅಂಥ ಹುಡುಗಿ. ಕಿವಿಗಳು ಮಾತ್ರ ತಲೆಗೆ ಅಂಟಿಕೊಳ್ಳದೆ ಎರಡೂ ಕಡೆ ನೆಟ್ಟಗೆ ನಿಂತಿದ್ದವು. ಸಂಜೆ ಅವಳು ಬಾಗಿಲಲ್ಲಿ ನಿಂತರೆ ಹಿಂದಿನ ಬಿಸಿಲು ಕಿವಿಯೊಳಗಿಂದ ಹಾಯ್ದು ದಾಸವಾಳದ ಎಸಳಿನಂತೆ ಕೆಂಪಾಗಿ ಕಾಣುತ್ತಿದ್ದವು. ಒಳಗಿನ ಸಣ್ಣ ನರಗಳೂ ಕಾಣುತ್ತಿದ್ದವು. ನನಗೆ ಅದು ಚೆಂದವೆನಿಸುತ್ತಿತ್ತು. ಓಣಿಯ ಹುಡುಗರು ಮಾತ್ರ “ಮೊರಗಿವಿ ಗಂಗಿ, ಜ್ವಾಳಾ ಕೇರಿ ಕೊಡs” ಎಂದು ಕೂಗಿ ಓಡುತ್ತಿದ್ದರು. ಅವಳೂ ಸುಮ್ಮನಿರುವವಳಲ್ಲ. “ನಿಮ್ಮವ್ವಗ ಹೇಳ, ಕಿವಿ ಕಡಾ ಕೊಡತೀನಂತ” ಎನ್ನುತ್ತಿದ್ದಳು.

ಆ ನಗು ನಿಂತದ್ದು ರೋಣದಿಂದ ಕನ್ಯೆ ನೋಡಲು ಬಂದ ದಿನ. ಹುಡುಗನ ಅಜ್ಜಿ ಗಂಗವ್ವನ ಗದ್ದ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿ, “ಹುಡುಗಿ ಚಲೋ ಅದಾಳ. ಖರೇ, ಜೋರ ಗಾಳಿ ಬಿಟ್ರ ಹಾರಿ ಹೋಗ್ತಾಳೇನೋ ಅಂತ ಅಂಜಿಕಿ” ಎಂದಳು. ಎಲ್ಲರೂ ನಕ್ಕರು, ಗಂಗವ್ವನೂ ನಕ್ಕಳು. ಅವರು ಹೋದ ಮೇಲೆ ಒಳಕೋಣೆಯಲ್ಲಿ ಸೆರಗನ್ನು ಕಿವಿಯ ಮೇಲೆ ಎಳೆದು ಹಲ್ಲಿನಲ್ಲಿ ಕಚ್ಚಿ ಕೂತಿದ್ದಳು. ರೋಣದಿಂದ ಮಾತು ಬರಲೇ ಇಲ್ಲ.

ನಮ್ಮ ನೆರೆಮನೆಯಾಕೆಯ ಕಿವಿ ಭಾರದ ಬುಗುಡಿಗೆ ಹರಿದು ಜೋಲಾಡುತ್ತಿತ್ತು. ಅದನ್ನು ನರಗುಂದದಲ್ಲಿ ಪುಣೆ ಕಡೆಯ ಒಬ್ಬ ಮುದುಕ ಹೊಲಿದುಕೊಟ್ಟಿದ್ದ. ಬಾಬಾ ಎಂದೇ ಅವನನ್ನು ಎಲ್ಲರೂ ಕರೆಯುತ್ತಿದ್ದರು. ಗಂಗವ್ವ ಒಂದು ಬೆಳಿಗ್ಗೆ ನನ್ನ ಹತ್ತಿರ ಬಂದು, “ವೈನಿ, ನನ್ನೂ ಅಲ್ಲಿಗೆ ಕರಕೊಂಡು ಹೋಗ್ರಿ. ಅಣ್ಣಗ ನೀವ ಹೇಳಬೇಕು” ಎಂದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಅದಕ್ಕೇ ಒಪ್ಪಿದೆ. ನಮ್ಮ ಅತ್ತೆ ಮಾತ್ರ, “ಕೂಸಿನ ರಕ್ತಾ ನೋಡೂದು ನನ್ನ ಕೈಲೆ ಆಗೂದಿಲ್ಲವ್ವಾ, ನೀವ ಹೋಗ್ರಿ” ಎಂದು ಮನೆಯಲ್ಲೇ ಉಳಿದರು.

ನನ್ನ ಗಂಡ, ಗಂಗವ್ವ, ನಾನು ಎತ್ತಿನ ಗಾಡಿಯಲ್ಲಿ ಹೊರಟೆವು. ರೋಣದ ಪೇಟೆ ದಾಟುವಾಗ ಗಂಗವ್ವ ಗಾಡಿಯ ಹುಲ್ಲಿನಲ್ಲಿ ಬೋರಲು ಮಲಗಿದ್ದಳು. “ಯಾರೂ ಇಲ್ಲೇಳs, ಊರು ದಾಟೇತಿ” ಎಂದು ಅವಳಣ್ಣ ಹೇಳಿದ ಮೇಲೂ ಬಹಳ ಹೊತ್ತು ಏಳಲಿಲ್ಲ. ಯಾವಗಲ್ಲಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದು ನರಗುಂದ ಸೇರಿದೆವು. ಬಾಬಾನ ಮನೆಗೆ ಹೊಂದಿಕೊಂಡಿದ್ದ ಒಂದು ಕೋಣೆ ಸಿಕ್ಕಿತು. ಒಂದೇ ಬಾಗಿಲು, ಹಿಂದೆ ಗೋಡೆ, ಗೋಡೆಯಲ್ಲಿ ಅಂಗೈಯಷ್ಟು ಗವಾಕ್ಷಿ.

ಬಾಬಾ ಗಂಗವ್ವನ ಕಿವಿಗಳನ್ನು ಬೆರಳಿನಿಂದ ಮಡಚಿ, ಒತ್ತಿ, ಬಿಟ್ಟು ನೋಡಿದ.

“ಹರದ ಕಿವಿ ಹೊಲಿಯೂದು ನನಗ ಅಂಗಿ ಹೊಲದಂಗ. ಹಿಂಗ ಎದ್ದು ನಿಂತ ಕಿವಿ ಮಲಗಿಸೂದು ಬ್ಯಾರೆ. ಎರಡೋ ಮೂರೋ ಮಾಡೇನಿ. ಎಲ್ಲಾರೂ ಬದುಕ್ಯಾರ.”

“ಅವರು ಬದುಕ್ಯಾರ, ಸರಿ. ಕಿವಿ ಮಲಗ್ಯಾವೇನ್ರಿ?” ಎಂದಳು ಗಂಗವ್ವ.

ಮುದುಕ ಕೆಮ್ಮುವಷ್ಟು ನಕ್ಕ. ಆಮೇಲೆ ಎಲ್ಲವನ್ನೂ ಬಿಡಿಸಿ ಹೇಳಿದ. ಮುಂದೆ ಕಾಣುವ ಕಡೆ ಕತ್ತಿ ಮುಟ್ಟಿಸುವುದಿಲ್ಲ. ಕಿವಿಯ ಹಿಂದೆ ಹುಣಸೆಕಾಯಿಯ ಆಕಾರದಲ್ಲಿ ಚರ್ಮ ತೆಗೆದು, ಅಂಚಿಗೆ ಅಂಚು ಕೂಡಿಸಿ, ಕುದುರೆಯ ಬಾಲದ ಕೂದಲಿನಿಂದ ಹೊಲಿಯುವುದು. ಆಮೇಲೆ ತಲೆಗೆ ಬಿಗಿಯಾಗಿ ಪಟ್ಟಿ. ಮಗ್ಗಲು ಮಲಗುವಂತಿಲ್ಲ. ಮೊದಲು ಬಾತುಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗುತ್ತವೆ, ಅಂಜಬಾರದು. ನೋವು ಇಳಿದ ಮೇಲೆ ಕಡಿತ ಶುರುವಾಗುತ್ತದೆ, ಕೆರೆಯಬಾರದು. ಕೆಲವು ದಿನ ಕಿವಿ ಇದೆಯೋ ಇಲ್ಲವೋ ಎಂಬಂತೆ ಜೋಮು ಹಿಡಿದಿರುತ್ತದೆ. “ಎಡಕ್ಕೂ ಬಲಕ್ಕೂ ಜ್ವಾಳದ ಕಾಳಿನಷ್ಟು ಫರಕ ಉಳದs ಉಳೀತೈತಿ. ಕನ್ನಡಿ ಹಿಡಕೊಂಡು ನನ್ನ ಕೂಡ ಜಗಳಕ್ಕ ಬರಬ್ಯಾಡ” ಎಂದ. ನಾನು ಇಂದಿಗೂ ತಾಯಂದಿರಿಗೆ ಹೇಳುವುದು ಇದನ್ನೇ. ಒಂದೊಂದೂ ಅವನು ಹೇಳಿದಂತೆಯೇ ಆಯಿತು.

ಅವನು ಹೇಳದೆ ಇದ್ದದ್ದು ಅಫೀಮಿನ ವಿಷಯ. ಮರುದಿನ ಬೆಳಿಗ್ಗೆ ಹಾಲಿನಲ್ಲಿ ಅಫೀಮು ಕದಡಿ ಕುಡಿಸಿದ. ಗಂಗವ್ವ ಮುಖ ಕಿವುಚಿ, “ಬೇವಿಗಿಂತ ಕಹಿ” ಎಂದಳು. ಸ್ವಲ್ಪ ಹೊತ್ತಿಗೆ ಅವಳ ರೆಪ್ಪೆಗಳು ಜೋತುಬಿದ್ದವು. ನಾನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಹೊಲಿಗೆ ಕಲಿತವಳಾದ್ದರಿಂದ ನನ್ನ ಕಣ್ಣು ಮುದುಕನ ಸೂಜಿಯ ಮೇಲೇ ಇತ್ತು. ಸೂಜಿಯನ್ನು ದೀಪಕ್ಕೆ ಹಿಡಿದು ಒರೆಸಿಕೊಳ್ಳುತ್ತಿದ್ದ. ಪ್ರತಿ ಹೊಲಿಗೆಗೂ ನಾಲಿಗೆಯ ತುದಿ ಹೊರಗೆ ಬರುತ್ತಿತ್ತು. ಎರಡನೆಯ ಕಿವಿಗೆ ಬಂದಾಗ ಗಂಗವ್ವ ನರಳಿದಳು. ಅವನು ಇನ್ನೊಂದಿಷ್ಟು ಹಾಲು ಬಾಯಿಗೆ ಬಿಟ್ಟ. ಅರಿಸಿನ, ತುಪ್ಪ ಹಚ್ಚಿ, ಅರಳೆ ಇಟ್ಟು, ನಾನು ಒಯ್ದಿದ್ದ ಹಳೆಯ ಮೆತ್ತನೆ ಧೋತರದ ಪಟ್ಟಿ ಸುತ್ತಿ ಮುಗಿಸಿದ.

ಮಧ್ಯಾಹ್ನಕ್ಕೆ ಏಳುತ್ತಾಳೆ ಎಂದಿದ್ದ. ಮಧ್ಯಾಹ್ನ ಇಳಿಯಿತು, ಏಳಲಿಲ್ಲ. ಉಸಿರು ಎಷ್ಟು ನಿಧಾನವಾಯಿತೆಂದರೆ, ಒಂದು ಉಸಿರು ಹೋಗಿ ಇನ್ನೊಂದು ಬರುವಷ್ಟರಲ್ಲಿ ನನ್ನ ಉಸಿರೇ ಕಟ್ಟುತ್ತಿತ್ತು. ತುಟಿಯ ಬಣ್ಣ ಬೂದಿಗೆ ತಿರುಗಿತ್ತು. ಬಾಬಾ ಬಂದು ರೆಪ್ಪೆ ಎತ್ತಿ ನೋಡಿದ. ಅವನ ಮುಖದಲ್ಲಿ ಬೆಳಗಿನ ನಗು ಇರಲಿಲ್ಲ.

“ಅವ್ವಾರ, ಹೆಸರು ಹಿಡದು ಕರೀರಿ. ಬಿಡಬ್ಯಾಡ್ರಿ. ಒಮ್ಮೆ ‘ಓ’ ಅಂದಳಂದ್ರ ಗೆದ್ದಂಗ. ಅನ್ನಲಿಲ್ಲಂದ್ರ...” ಎಂದವನೇ ಗುರುತಿನ ವೈದ್ಯನೊಬ್ಬನಲ್ಲಿಗೆ ನನ್ನ ಗಂಡನನ್ನು ಕರೆದುಕೊಂಡು ಓಡಿದ.

ಕೋಣೆಯಲ್ಲಿ ನಾನು, ಅವಳು. ಪಟ್ಟಿ ಬಿಗಿದ ಕಿವಿಯ ಹತ್ತಿರ ಬಾಯಿಟ್ಟು ಕರೆದೆ. ಗಂಗವ್ವಾ, ಗಂಗಾ, ಗಂಗೂ, ಏ ಗಂಗಿ. ಬೈದೆ. ರೋಣದ ಅಜ್ಜಿ ಬಂದಾಳ ನೋಡು ಎಂದೆ. ಅಂಗಾಲು ತಿಕ್ಕಿದೆ, ತಣ್ಣೀರು ಹೊಡೆದೆ. ಗವಾಕ್ಷಿಯಿಂದ ಬೀಳುತ್ತಿದ್ದ ಬಿಸಿಲಿನ ತುಂಡು ನೆಲ ಬಿಟ್ಟು ಗೋಡೆ ಹತ್ತಿತು, ಕೆಂಪಾಯಿತು, ಮಾಯವಾಗತೊಡಗಿತು. ನನ್ನ ದನಿ ಒಡೆದುಹೋಗಿತ್ತು. ಅತ್ತೆಗೆ ಏನು ಹೇಳಲಿ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಅವಳ ತಲೆಯನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಇನ್ನೊಮ್ಮೆ ಕರೆಯಲು ಬಗ್ಗಿದೆ. ಆಗ ಹಿಂದಿನಿಂದ ಯಾರೋ ನನ್ನ ಬೆನ್ನಿಗೆ ಗುದ್ದಿದರು.

ಹೊಡೆತವಲ್ಲ ಅದು. ಮುಷ್ಟಿ ಕಟ್ಟಿ, ಆದರೆ ನೋಯದ ಹಾಗೆ, ಧಪ್ ಎಂದು. ಅದರ ಹಿಂದೆಯೇ ಇನ್ನೊಂದು, ಬೇರೆ ಕೈ. ಮತ್ತೆ ಇನ್ನೊಂದು. ಪ್ರತಿ ಗುದ್ದಿಗೂ ಬಳೆಗಳು ಝಣ್ ಎಂದವು. ಗಾಜಿನ ಬಳೆ, ತುಂಬಾ ಕೈಗಳ ಬಳೆ. ನನ್ನ ಎದೆಯಿಂದ ಉಸಿರು ತಾನೇ ಹೊರಗೆ ಬಂತು. ನನ್ನ ಬಾಯಿ ಗಂಗವ್ವನ ಕಿವಿಯಲ್ಲಿ “ಕುರ್ರ್” ಎಂದಿತು. ಆಮೇಲೆ, “ತುಂಗವ್ವಾ” ಎಂದಿತು.

ಈ ‘ಕುರ್ರ್’ ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದದ್ದೇ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಂದೆಯ ಅಕ್ಕನೋ ತಂಗಿಯೋ ಬಗ್ಗಿ, ಕೂಸಿನ ಕಿವಿಯಲ್ಲಿ ಕುರ್ರ್ ಎಂದು, ಅದರ ಹೆಸರು ಹೇಳುತ್ತಾಳೆ. ಹಾಗೆ ಬಗ್ಗಿದಾಗ ಉಳಿದ ಹೆಂಗಸರು ನಗುನಗುತ್ತ ಆಕೆಯ ಬೆನ್ನಿಗೆ ಗುದ್ದುತ್ತಾರೆ. ಅದು ಸಂತೋಷದ ಗುದ್ದು. ಆ ಕೋಣೆಯಲ್ಲಿ ನನ್ನ ಬೆನ್ನಿಗೆ ಬಿದ್ದದ್ದೂ ಅಂಥದೇ.

ತಿರುಗಿ ನೋಡಿದೆ. ಗೋಡೆ. ಗೂಟಕ್ಕೆ ನಮ್ಮ ಬುತ್ತಿಗಂಟು. ಬಾಗಿಲು ನಾನು ಅರೆ ಮುಚ್ಚಿದಷ್ಟೇ ಮುಚ್ಚಿತ್ತು. ನನ್ನ ತೊಡೆಯ ಮೇಲಿನಿಂದ, “ಓ” ಎಂಬ ದನಿ ಬಂತು.

ಗಂಗವ್ವ ಕಣ್ಣು ಬಿಟ್ಟಿರಲಿಲ್ಲ. ಮತ್ತೊಮ್ಮೆ “ಓ” ಎಂದು, “ಯಾಕ ಒದರ್ತೀರಿ, ಬಂದ್ನಿ” ಎಂದು ಗೊಣಗಿ, ಆಮೇಲೆ ನೀರು ಕೇಳಿದಳು. ನನ್ನ ಗಂಡನೂ ಬಾಬಾನೂ ವೈದ್ಯನೊಂದಿಗೆ ಬಂದಾಗ ನಾನು ಅವಳನ್ನು ಗೋಡೆಗೆ ಆನಿಸಿ ಕೂಡಿಸಿ ನೀರು ಕುಡಿಸುತ್ತಿದ್ದೆ. ಮುದುಕ ಅಲ್ಲೇ ಹೊಸ್ತಿಲ ಮೇಲೆ ಕುಕ್ಕರಿಸಿ ಅತ್ತುಬಿಟ್ಟ. ನಾನು ಯಾರಿಗೂ ಏನೂ ಹೇಳಲಿಲ್ಲ. ದಣಿದಿದ್ದೇನೆ, ಬಾಯಿ ತಪ್ಪಿದೆ ಎಂದುಕೊಂಡೆ.

ಊರಿಗೆ ಮರಳಿದ ಮೇಲೆ ಅತ್ತೆ ಮೊದಲು ಮಗಳ ತಲೆ, ಪಟ್ಟಿ, ಮುಖ ಸವರಿ ಸವರಿ ನೋಡಿದರು. ಅವಳು ಅಂಗಾತ ಮಲಗಿ ನಿದ್ದೆ ಹೋದ ಮೇಲೆ ಬೇಳೆ ಹಸನು ಮಾಡುತ್ತ ನನ್ನನ್ನು ಕೇಳಿದರು. ಎಲ್ಲ ಹೇಳಿದೆ. ಬೆನ್ನಿನ ಗುದ್ದನ್ನೂ ಹೇಳಿದೆ, ನಗುತ್ತಲೇ. ಹೆಸರಿಗೆ ಬಂದಾಗ ಅವರ ಕೈ ಬೇಳೆಯಲ್ಲೇ ನಿಂತಿತು.

“ಆ ಹೆಸರ ನಿನಗ ಯಾರ ಹೇಳಿದ್ರು?”

“ಯಾರೂ ಇಲ್ಲರಿ ಅತ್ತಿ. ಗಂಗವ್ವ ಅನ್ನಾಕ ಹೋಗಿ ಬಾಯಿ ತಪ್ತು.”

ಅತ್ತೆ ಬಾಗಿಲ ಕಡೆ ನೋಡಿ, ದನಿ ಇಳಿಸಿ ಹೇಳಿದರು. ಗಂಗವ್ವನನ್ನು ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಹೆಸರು ಹೇಳಿದವಳು ಅವರ ನಾದಿನಿ ಚೆನ್ನವ್ವ. ಅದೇ ವರ್ಷ ಚೆನ್ನವ್ವ ತನ್ನ ಹಸುಗೂಸನ್ನು ಕಳೆದುಕೊಂಡಿದ್ದಳು. ಆ ಕೂಸಿನ ಹೆಸರು ತುಂಗವ್ವ. ಬೆನ್ನಿಗೆ ಗುದ್ದು ಬಿದ್ದ ಭರದಲ್ಲಿ ಚೆನ್ನವ್ವನ ಬಾಯಿಂದ ಗಂಗವ್ವ ಎನ್ನುವ ಬದಲು ತನ್ನ ಮಗಳ ಹೆಸರು ಬಂದುಬಿಟ್ಟಿತು. ಗದ್ದಲದಲ್ಲಿ ಯಾರಿಗೂ ಕೇಳಲಿಲ್ಲ. ತೊಟ್ಟಿಲ ತಲೆಗೆ ನಿಂತಿದ್ದ ಅತ್ತೆಗೆ ಕೇಳಿತು.

“ನನ್ನ ಮಾರಿ ನೋಡಿದ್ಲು. ಕಣ್ಣಾಗ ನೀರು. ನಾ ಕೈ ಒತ್ತಿ ಸುಮ್ನಿರಂದ್ನಿ. ಮುಂದ ಭಾಳ ದಿನಾ ಉಳೀಲಿಲ್ಲ ಅಕಿ. ನಾನೂ ಯಾರಿಗೂ ಹೇಳಲಿಲ್ಲ. ನಿಮ್ಮ ಮಾವಗೂ ಹೇಳಿಲ್ಲ.”

ನಾನೂ ಬೇಳೆಗೆ ಕೈ ಹಾಕಿದೆ. ಅತ್ತೆ ಕೇಳಿದರು.

“ಜೋರ ಬಡದ್ರೇನು?”

“ಇಲ್ಲರಿ. ಪ್ರೀತೀಲೆ.”

“ಹಂಗಾರ ನಮ್ಮವರs,” ಎಂದು ಅತ್ತೆ ಕಣ್ಣೊರೆಸಿಕೊಂಡು ಮತ್ತೆ ಬೇಳೆಯಲ್ಲಿ ಹರಳು ಹುಡುಕತೊಡಗಿದರು.

ಗಂಗವ್ವನ ಕಿವಿಗಳು ಬಾತು, ನೀಲಿಯಾಗಿ, ಹಳದಿಯಾಗಿ, ಕಡಿದು, ಕೊನೆಗೆ ತಲೆಗೆ ಒರಗಿ ಮಲಗಿದವು. ಎಡಗಿವಿ ಒಂದು ಕೂದಲಿನಷ್ಟು ಮುಂದೆ ಉಳಿಯಿತು. ರೋಣದವರು ಮತ್ತೆ ಹೇಳಿಕಳಿಸಿದಾಗ, “ಗಾಳಿ ನಿಂತ ಮ್ಯಾಲ ಬರ್ರಿ ಅಂತ ಹೇಳ್ರಿ” ಎಂದಳು. ಕೊನೆಗೆ ಶಿರೋಳದ ಒಳ್ಳೆಯ ಮನೆತನ ಸೇರಿದಳು.

ನಾನು ಬಹಳ ಯೋಚಿಸಿದ್ದೇನೆ. ಗಂಗಾ, ತುಂಗಾ, ನಾಲಿಗೆ ಜಾರುವಷ್ಟು ಹತ್ತಿರದ ಹೆಸರುಗಳು. ಅಫೀಮು ಇಳಿಯುವ ಹೊತ್ತಿಗೆ ಸರಿಯಾಗಿ ನಾನು ಕರೆದಿರಬಹುದು. ಬಗ್ಗಿ ಬಗ್ಗಿ ಬೆನ್ನು ಹಿಡಿದಿರಬಹುದು. ಬೀದಿಯಲ್ಲಿ ಬಳೆಗಾರ ಹೋಗಿರಬಹುದು. ಒಂದೊಂದಾಗಿ ಹಿಡಿದರೆ ಎಲ್ಲಕ್ಕೂ ಉತ್ತರವಿದೆ. ನಾಲ್ಕನ್ನೂ ಒಂದೇ ಕ್ಷಣದಲ್ಲಿ ತಂದು ಕೂಡಿಸುವ ಉತ್ತರ ನನಗೆ ಇಂದಿಗೂ ಸಿಕ್ಕಿಲ್ಲ.

ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಆ ಮಾತನ್ನು ಗಂಗವ್ವನಿಗೆ ಅವರೂ ಹೇಳಲಿಲ್ಲ, ನಾನೂ ಹೇಳಿಲ್ಲ. ಹೋದ ಸುಗ್ಗಿಯಲ್ಲಿ ಅವಳು ನಮ್ಮಲ್ಲಿಗೆ ಬಂದಿದ್ದಳು. ತಲೆಕೂದಲು ಬೆಳ್ಳಗಾಗಿದೆ, ಬಾಯಿ ಮಾತ್ರ ಹಾಗೆಯೇ ಇದೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನನಗೆ ಅದೇನು ಅನಿಸಿತೋ, ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ “ತುಂಗವ್ವಾ” ಎಂದೆ.

ಓ ಎನ್ನಲಿಲ್ಲ. ಬಡಿಯುವ ಕೈ ತಪ್ಪಲಿಲ್ಲ. ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ನೀರು ಸವರಿ, ಆಮೇಲೆ ನನ್ನ ಕಡೆ ತಿರುಗಿ ನಕ್ಕಳು.

“ಯಾರನ್ನ ಕರೀಲಿಕತ್ತೀರಿ ವೈನಿ? ಇಲ್ಲಿ ನಾವಿಬ್ಬರs ಅದೇವಲ್ಲಾ.”