ಬೆಂಚಿನಿಂದ ಇಳಿದದ್ದು

ಆ ರಿಸೆಷನ್ ವರ್ಷ ಅಮೆರಿಕದ ಸೌತ್‌ಫೀಲ್ಡ್‌ನಲ್ಲಿ ನಾನು ಐದು ತಿಂಗಳು ಬೆಂಚಿನ ಮೇಲಿದ್ದೆ. ನಮ್ಮ ಐಟಿ ಭಾಷೆಯಲ್ಲಿ ಬೆಂಚು ಅಂದರೆ ಪ್ರಾಜೆಕ್ಟ್ ಇಲ್ಲದೆ ಕೂತಿರುವುದು. ಪ್ರಾಜೆಕ್ಟ್ ಸಿಗದಿದ್ದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ವೀಸಾ. ಗಂಡ, ಎರಡನೇ ಕ್ಲಾಸಿನ ಮಗಳು, ನಾನು, ಮೂವರೂ ಮೈಸೂರಿಗೆ ಗಂಟುಮೂಟೆ ಕಟ್ಟಬೇಕು. ಮೊದಲ ತಿಂಗಳು ಹೆದರಿಕೆಯಿತ್ತು. ಆಮೇಲೆ ಅದೂ ಇರಲಿಲ್ಲ. ಫೋನನ್ನು ಎದುರಿಗಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದೆ.

ಅದನ್ನು ಕಂಡ ಪಕ್ಕದ ಮನೆಯ ಐರಿಷ್ ಅಜ್ಜಿ ಒಂದು ಕಟ್ಟು ಕೈಬರಹದ ಹಾಳೆ ತಂದು, ಟೈಪ್ ಮಾಡಿಕೊಡುತ್ತೀಯಾ ಎಂದು ಕೇಳಿದರು. ಹತ್ತೊಂಬತ್ತನೇ ಶತಮಾನದಲ್ಲಿ ಐರ್ಲೆಂಡಿನಲ್ಲಿ ಜಡ್ಜ್ ಆಗಿದ್ದ ಅವರ ಮುತ್ತಜ್ಜನ ಕಥೆ.

ಧಾನ್ಯದ ವ್ಯಾಪಾರಿಯ ಮಗ, ಡಬ್ಲಿನ್‌ನಲ್ಲಿ ಓದಿ ವಕೀಲನಾದ, ಕುದುರೆಗಾಡಿಯಲ್ಲಿ ಊರೂರಿನ ಕೋರ್ಟು ಸುತ್ತಿದ. ನಲವತ್ತನೇ ವಯಸ್ಸಿಗೆ 'ರೇಷ್ಮೆ ತೆಗೆದುಕೊಂಡ' ಎಂದಿತ್ತು. ನಾನು ಮೈಸೂರಿನವಳು, ವಕೀಲಿ ಬಿಟ್ಟು ರೇಷ್ಮೆ ವ್ಯಾಪಾರಕ್ಕಿಳಿದ, ಬುದ್ಧಿವಂತ ಅಂದುಕೊಂಡೆ. ಹಿರಿಯ ವಕೀಲರಿಗೆ ಕೊಡುವ ರೇಷ್ಮೆ ಗೌನು ಅದು ಎಂದು ಅಜ್ಜಿ ನಕ್ಕರು. ಮುಂದಿನ ಹಾಳೆಯಲ್ಲಿ ಅವನನ್ನು ಬೆಂಚಿಗೇರಿಸಿದರು. ನಮ್ಮ ಸ್ಕೂಲಿನಲ್ಲಿ ಹೋಮ್‌ವರ್ಕ್ ಮಾಡದವರನ್ನು ಬೆಂಚು ಹತ್ತಿಸುತ್ತಿದ್ದರು. ಅವನಿಗೆ ಮಾತ್ರ ಬೆಂಚು ಅಂದರೆ ಜಡ್ಜ್ ಪೀಠ, ದೊಡ್ಡ ಮರ್ಯಾದೆ. ಇಪ್ಪತ್ತೆರಡು ವರ್ಷ ಅಲ್ಲೇ ಕೂತ. ಗೇಣಿದಾರರನ್ನು ಮನೆಯಿಂದ ಹೊರಹಾಕುವ ಆದೇಶಗಳಿಗೆ ಸಹಿ ಹಾಕುವಾಗ ಈಗೀಗ ಏನೂ ಅನಿಸುವುದಿಲ್ಲ ಎಂದು ಹೆಂಡತಿಗೆ ಕಾಗದ ಬರೆದಿದ್ದ. ಅದನ್ನು ಟೈಪ್ ಮಾಡುವಾಗ ನನಗೂ ಏನೂ ಅನಿಸಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಗಳು ಮಾತ್ರ ಅದನ್ನು ಎರಡು ಸಲ ಓದಿಸಿಕೊಂಡಳು.

ಮರುವಾರ ಸ್ಕೂಲಿನಲ್ಲಿ ಅವಳ ಟೀಚರ್ ನನ್ನ ಕೈ ಹಿಡಿದು ಕುಲುಕಿದರು. ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆಂದು ಕ್ಲಾಸಿನಲ್ಲಿ ಕೇಳಿದ್ದಕ್ಕೆ ಇವಳು, "ಮೈ ಮಾಮ್ ಈಸ್ ಆನ್ ದ ಬೆಂಚ್," ಅಂದಿದ್ದಾಳೆ. ಜಡ್ಜ್ ಸಾಹೇಬರು ಶುಕ್ರವಾರ ಬಂದು ಮಕ್ಕಳ ಜೊತೆ ಮಾತಾಡಬೇಕಂತೆ. ಹೂಂ ಅಂದುಬಿಟ್ಟೆ. ತಿದ್ದುವುದಕ್ಕೂ ಶಕ್ತಿ ಬೇಕಲ್ಲ.

ಗುರುವಾರ ಮಧ್ಯಾಹ್ನ ಫೋನ್ ಬಂತು. ಕಂಪನಿಯ ಎಚ್‌ಆರ್ ಹುಡುಗ, ಬೆಂಗಳೂರಿನವನೇ.

"ಮೇಡಂ, ನಾಳೆಯಿಂದ ನಿಮ್ಮನ್ನ ಬೆಂಚಿಂದ ತೆಗೀತಾ ಇದೀವಿ."

"ಹೌದಾ? ಯಾವ ಪ್ರಾಜೆಕ್ಟು?"

"ಪ್ರಾಜೆಕ್ಟ್ ಇಲ್ಲ ಮೇಡಂ. ಸಾರಿ."

ಅವನ ದನಿಯಲ್ಲಿ ಏನೂ ಇರಲಿಲ್ಲ. ಅವತ್ತಿಗೆ ಅದು ಅವನ ಎಷ್ಟನೆಯ ಫೋನೋ. ಥ್ಯಾಂಕ್ಸ್ ಹೇಳಿ ಇಟ್ಟೆ, ಒಲೆಯ ಮೇಲಿದ್ದ ಅನ್ನ ಇಳಿಸಿದೆ.

ಸಂಜೆ ಮಗಳಿಗೆ ಹೇಳಿದೆ. "ಪುಟ್ಟಿ, ಅಮ್ಮ ಇನ್ನು ಬೆಂಚ್ ಮೇಲಿಲ್ಲ. ನಾಳೆ ನಿನ್ನ ಕ್ಲಾಸಿಗೆ ಬರಲ್ಲ. ನಾವು ಈ ಮನೆ ಬಿಟ್ಟು ಮೈಸೂರಿಗೆ ಹೋಗ್ಬೇಕು."

ಅವಳು ಮೇಜಿನ ಮೇಲಿದ್ದ ಅಜ್ಜಿಯ ಹಾಳೆಗಳ ಕಡೆ ನೋಡಿದಳು.

"ಹೂ ಸೈನ್ಡ್ ಇಟ್, ಅಮ್ಮಾ?"

ಯಾರು ಸಹಿ ಹಾಕಿದರೋ ನನಗೂ ಗೊತ್ತಿರಲಿಲ್ಲ. ಐದು ತಿಂಗಳಲ್ಲಿ ಮೊದಲ ಸಲ ಅತ್ತೆ.