ನಿಧಾನಪ್ಪನ ಬಲಗಾಲು

ನಿಧಾನಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಹಿಟ್ಟಿನ ಗೋದಾಮಿನ ಹಮಾಲರು ಇಟ್ಟದ್ದು. ಉಳಿದ ಡ್ರೈವರುಗಳು ಊರೆಲ್ಲ ಸುತ್ತಿ ಬಂದು ಚಹಾ ಕುಡಿಯುವ ಹೊತ್ತಿಗೆ ಇವನ ಪುಟ್ಟ ಲಾರಿ ಇನ್ನೂ ಯಾವುದೋ ಬೇಕರಿಯ ಮುಂದೆ ಹಿಂದಕ್ಕೆ ಸರಿಯುತ್ತಿರುತ್ತಿತ್ತು. ಆದರೆ ಅವನನ್ನು ನೋಡಿ ನಕ್ಕ ಆ ಡ್ರೈವರುಗಳಲ್ಲಿ ಒಬ್ಬ ತನ್ನ ಗಾಡಿಯನ್ನು ಅಂಗಡಿಯ ಮೆಟ್ಟಿಲು ಹತ್ತಿಸಿದ್ದ, ಇನ್ನೊಬ್ಬ ದೀಪದ ಕಂಬವನ್ನು ಅಪ್ಪಿಕೊಂಡಿದ್ದ. ನಿಧಾನಪ್ಪನ ಬಂಪರಿಗೆ ಇಡೀ ಆಯುಷ್ಯದಲ್ಲಿ ತಗುಲಿದ್ದು ಬಣ್ಣದ ಕುಂಚ ಮಾತ್ರ. ಸಂಜೆ ಮನೆಗೆ ಬಂದಾಗ ಹುಬ್ಬು, ಮೀಸೆ, ಕಿವಿಯ ಸಂದಿಯೆಲ್ಲ ಹಿಟ್ಟು. ಹೆಂಡತಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಬಟ್ಟೆ ಕೊಡವಿಸುತ್ತಿದ್ದಳು. "ನೀವು ಮುದುಕರಾದ್ರೆ ಹೇಗೆ ಕಾಣ್ತೀರಾ ಅಂತ ಮದುವೆಯಾದ ವರ್ಷವೇ ನೋಡಿಬಿಟ್ಟೆ. ಇನ್ನೇನೂ ನೋಡೋದು ಬಾಕಿ ಇಲ್ಲ" ಎನ್ನುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಶಾಲೆಗೆ ರಜೆ ಬಂತೆಂದರೆ ಅವಳ ಜಾಗ ಅಪ್ಪನ ಪಕ್ಕದ ಸೀಟು. ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಕಿಟಕಿಯಾಚೆ ನೋಡಲು ಹಿಟ್ಟಿನ ಖಾಲಿ ಚೀಲ ಮಡಿಸಿ ಕೆಳಗಿಟ್ಟುಕೊಂಡು ಕೂರುತ್ತಿದ್ದಳು. ಅಂಥ ಒಂದು ರಜೆಯಲ್ಲಿ, ಆಸ್ಪತ್ರೆಯ ಹಿಂದಿನ ಇಳಿಜಾರು ರಸ್ತೆಯಲ್ಲಿ, ಅಪ್ಪ ಬ್ರೇಕ್ ಒತ್ತಿದಾಗ ಪೆಡಲ್ ಸೀದಾ ನೆಲಕ್ಕೆ ಹೋಗಿ ಕೂತಿತು. ಎಲ್ಲೋ ಪೈಪು ಸೋರಿ ಬ್ರೇಕಿನ ಎಣ್ಣೆ ಇಳಿದುಹೋಗಿತ್ತು. ಕೆಳಗೆ ಕೂಡುರಸ್ತೆ, ಹಣ್ಣಿನ ಗಾಡಿ, ರಸ್ತೆ ದಾಟುವ ಜನ. ಅಪ್ಪ ಕೂಗಲಿಲ್ಲ. ಒಂದು ಕೈಯಿಂದ ಅವಳನ್ನು ಸೀಟಿಗೆ ಅದುಮಿ ಹಿಡಿದು, ಬಲಗಾಲಿನಿಂದ ಒತ್ತಿ ಬಿಟ್ಟ, ಒತ್ತಿ ಬಿಟ್ಟ, ಒತ್ತಿದ. ಮೂರನೆಯ ಸಲಕ್ಕೆ ಪೆಡಲ್ ಗಟ್ಟಿಯಾಯಿತು. ಲಾರಿ ಹಣ್ಣಿನ ಗಾಡಿಯ ಗಾಲಿಗೆ ಇನ್ನೇನು ಮುತ್ತು ಕೊಡಬೇಕು ಎನ್ನುವಷ್ಟರಲ್ಲಿ ನಿಂತಿತು. ಅಪ್ಪ ಎರಡು ಕಿತ್ತಳೆ ಕೊಂಡು ಅವಳ ಕೈಗಿಟ್ಟು, "ಅಮ್ಮಂಗೆ ಹೇಳ್ಬೇಡ" ಎಂದ. ಅವಳು ಹೇಳಲಿಲ್ಲ. ಆದರೆ ಅಂದಿನಿಂದ ಅಪ್ಪನ ಬಲಗಾಲು ಮೊದಲನೆಯ ಒತ್ತನ್ನು ನಂಬುವುದನ್ನೇ ಬಿಟ್ಟಿತು. ಗೋದಾಮಿನ ಅಂಗಳದಲ್ಲಿ ನಿಲ್ಲಿಸುವಾಗಲೂ ಮೂರು ಸಲ. ತಾನು ಬದುಕಿರುವುದು ಆ ಮೂರು ಒತ್ತಿನಿಂದ ಎನ್ನುವುದು ಮಗಳ ರಕ್ತಕ್ಕೇ ಗೊತ್ತಿತ್ತು.

ಬೆಳೆದ ಮೇಲೆ ಅವಳು ಹಿಡಿದದ್ದೂ ಸ್ಟೇರಿಂಗನ್ನೇ. ನೆಂಟರು ಮೂಗು ಮುರಿದಾಗ ಅಪ್ಪ, "ಓಡಿಸೋರು ಗಂಡೋ ಹೆಣ್ಣೋ ಅಂತ ಲಾರಿ ಕೇಳುತ್ತಾ?" ಎಂದು ಅವರ ಬಾಯಿ ಮುಚ್ಚಿಸಿದ್ದ. ಭಾರಿ ಲಾರಿಗಳಲ್ಲಿ ಕೆಲವು ವರ್ಷ ದೂರದ ದಾರಿ ತುಳಿದು, ಈಗ ಅವಳು ಊರ ಹೊರಗಿನ ಡ್ರೈವಿಂಗ್ ಶಾಲೆಯಲ್ಲಿ ಭಾರಿ ವಾಹನಗಳ ಶಿಕ್ಷಕಿ. ಏರ್ ಬ್ರೇಕ್ ಪಾಠವೆಲ್ಲ ಅವಳದ್ದೇ.

ಅಷ್ಟರಲ್ಲಿ ಹಿಟ್ಟಿನ ಕಂಪನಿ ಪುಟ್ಟ ಲಾರಿಗಳನ್ನೆಲ್ಲ ಮಾರಿ ದೊಡ್ಡವನ್ನು ತಂದಿತು. ಇನ್ನು ಊರೊಳಗಿನ ಬೇಕರಿ ಸುತ್ತುವ ಕೆಲಸವಿಲ್ಲ. ಗುಡ್ಡ ದಾಟಿ ಆಚೆ ಊರಿನ ಗೋದಾಮಿಗೆ ಹೊರೆ ಇಳಿಸಬೇಕು. ದೊಡ್ಡ ಲಾರಿಗಳದ್ದು ಏರ್ ಬ್ರೇಕ್. ಅದರ ಪರೀಕ್ಷೆ ಪಾಸಾಗಿ ಭಾರಿ ಲೈಸೆನ್ಸ್ ತಂದವನಿಗೆ ಸ್ಟೇರಿಂಗ್, ತರದವನಿಗೆ ಮೂಟೆ ಎಣಿಸುವ ಕೆಲಸ. ನಿಧಾನಪ್ಪನಿಗೆ ಸ್ಟೇರಿಂಗ್ ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಗಳ ಶಾಲೆಯ ಬೆಂಚಿನ ಮೇಲೆ, ಮೀಸೆ ಸರಿಯಾಗಿ ಮೂಡದ ಹುಡುಗರ ನಡುವೆ ಬಂದು ಕೂತ. "ಗುರುವಿಗೇ ತಿರುಮಂತ್ರ!" ಎಂದು ಶಾಲೆಯ ಇನ್ನೊಬ್ಬ ಶಿಕ್ಷಕ ನಕ್ಕ. ಮಗಳು ನಗಲಿಲ್ಲ. ಮನೆಯಲ್ಲಿ 'ನೀನು' ಎನ್ನುತ್ತಿದ್ದವಳು ಅಲ್ಲಿ ಎಲ್ಲರಿಗೂ ಹೇಳುವಂತೆ ಅಪ್ಪನಿಗೂ 'ನೀವು' ಎಂದಳು. ಅದು ಇಬ್ಬರಿಗೂ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಿತ್ತು.

"ನಿಮ್ಮ ಹಳೇ ಗಾಡೀಲಿ ಎಣ್ಣೆ," ಎಂದು ಶುರುಮಾಡಿದಳು. "ಎಣ್ಣೆ ಕಮ್ಮಿ ಆದ್ರೆ ಮತ್ತೆ ಮತ್ತೆ ಒತ್ತಿದಾಗ ಪೆಡಲ್ ಮೇಲೆ ಬರುತ್ತೆ. ಇಲ್ಲಿ ಗಾಳಿ. ಇಂಜಿನ್ನು ಗಾಳೀನ ಟ್ಯಾಂಕಿಗೆ ತುಂಬಿಸಿ ಇಟ್ಟಿರುತ್ತೆ. ಪೆಡಲ್ ಒತ್ತಿದ್ರೆ ಆ ಗಾಳಿ ಚಕ್ರಕ್ಕೆ ಹೋಗಿ ಬ್ರೇಕ್ ಹಿಡಿಯುತ್ತೆ. ಕಾಲು ತೆಗೆದ್ರೆ ಫುಸ್ ಅಂತ ಹೊರಗೆ ಹೋಗುತ್ತೆ. ಹೋದದ್ದು ಹೋಯ್ತು. ಒಂದು ಸಲ ಒತ್ತಿ ಹಿಡಿದ್ರೆ ಕೊಡದಿಂದ ಒಂದು ಚೊಂಬು ನೀರು ತೆಗೆದ ಹಾಗೆ. ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದ್ರೆ ಕೊಡ ಖಾಲಿ."

"ಗಾಳಿ ಪೂರ್ತಿ ಖಾಲಿಯಾದ್ರೆ?" ಅಪ್ಪ ಕೇಳಿದ.

"ಹಿಂದಿನ ಚಕ್ರದಲ್ಲಿ ದಪ್ಪ ಸ್ಪ್ರಿಂಗ್ ಇದೆ. ಗಾಳಿ ಇರೋವರೆಗೂ ಅದು ಅದುಮಿಕೊಂಡಿರುತ್ತೆ. ಗಾಳಿ ಹೋದ್ರೆ ಬಿಚ್ಕೊಂಡು ಚಕ್ರ ಕಚ್ಚುತ್ತೆ."

"ಅಂದ್ರೆ ಗಾಳಿ ಹೋದ್ರೂ ಗಾಡಿ ನಿಲ್ಲುತ್ತೆ. ಮತ್ತೇನು ಭಯ?"

"ಎಲ್ಲಿ ಕಚ್ಚುತ್ತೆ ಅನ್ನೋದು ನಮ್ಮ ಕೈಲಿಲ್ಲ. ತುಂಬಿದ ಗಾಡಿ, ಗುಡ್ಡದ ತಿರುವು, ಅಲ್ಲಿ ಥಟ್ಟನೆ ಕಚ್ಚಿದ್ರೆ ಗಾಡಿ ಅಡ್ಡ ತಿರುಗಿಬಿಡುತ್ತೆ. ಬ್ರೇಕ್ ಮೊದಲೇ ಕಾದು ಹೋಗಿದ್ರೆ ಕಚ್ಚಿಯೂ ನಿಲ್ಲಲ್ಲ."

ಅಪ್ಪ ತಲೆಯಾಡಿಸಿದ. ದಡ್ಡನಲ್ಲ ಅವನು. ಬೆಳಿಗ್ಗೆ ಟ್ಯಾಂಕಿನ ಕೆಳಗಿನ ತಿರುಪು ಬಿಚ್ಚಿ ಗಾಳಿಯ ಜೊತೆ ಸೇರಿದ ನೀರನ್ನು ಹರಿಸುವುದು, ಇಂಜಿನ್ ಆರಿಸಿ ಪೆಡಲ್ ಒತ್ತಿ ಹಿಡಿದು ಮೀಟರಿನ ಮುಳ್ಳು ಇಳಿಯುತ್ತದೆಯೇ ನೋಡುವುದು, ಗಾಳಿ ತಗ್ಗಿದಾಗ ಬಜರ್ ಕೂಗುತ್ತದೆಯೇ ಕೇಳುವುದು, ಎಲ್ಲ ಕಲಿತ. ಸೋರಿಕೆ ಹುಡುಕುವುದರಲ್ಲಂತೂ ಅವನ ಕಿವಿಗೆ ಸಾಟಿಯೇ ಇರಲಿಲ್ಲ. ಮನೆಯಲ್ಲೂ ಅದೇ ಜಪ. ಕುಕ್ಕರ್ ಕೂಗಿದರೆ "ಗಾಳಿ ಜಾಸ್ತಿಯಾಯ್ತು, ಹೊರಗೆ ಹಾಕ್ತಿದೆ" ಎಂದು ಹೆಂಡತಿಗೆ ಪಾಠ. "ನನ್ನ ತಲೇಲೂ ಜಾಸ್ತಿಯಾಗಿದೆ, ಸ್ವಲ್ಪ ಹೊರಗೆ ಹೋಗ್ತೀರಾ?" ಎಂದು ಅವಳ ಉತ್ತರ.

ಕಲಿಯದೆ ಉಳಿದದ್ದು ಕಾಲು ಮಾತ್ರ. ಮನಸ್ಸಿಟ್ಟು ಓಡಿಸುವಾಗ ಒಮ್ಮೆ ಒತ್ತಿ ಹಿಡಿಯುತ್ತಿದ್ದ. ಎದುರಿಗೆ ಏನಾದರೂ ಧುತ್ತೆಂದು ಬಂತೋ, ಬುದ್ಧಿ ಹಿಂದೆ, ಕಾಲು ಮುಂದೆ: ಫುಸ್, ಫುಸ್, ಫುಸ್. ಮಗಳು ಬೈದಳು, ಬೇಡಿಕೊಂಡಳು, ಅಂಗಳದಲ್ಲಿ ಲಾರಿಯ ಮುಂದೆ ಡಬ್ಬ ಉರುಳಿಸಿ ಉರುಳಿಸಿ ಅಭ್ಯಾಸ ಮಾಡಿಸಿದಳು. ಕೊನೆಯ ವಾರ ಕಾಲು ದಾರಿಗೆ ಬಂದಂತೆ ಕಂಡಿತು. ಕಂಡಿತು ಅಷ್ಟೇ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಭಯ ಕಲಿಸಿದ ಗುಣ ಹುಟ್ಟುಗುಣಕ್ಕಿಂತ ಗಟ್ಟಿ.

ಪರೀಕ್ಷೆ ಮಾಡುತ್ತಿದ್ದವರು ಮಿತಭಾಷಿ ಅಧಿಕಾರಿ. ತಾವು ಪಕ್ಕದ ಸೀಟಿನಲ್ಲಿ, ಕಲಿಸಿದವರು ಹಿಂದಿನ ಸೀಟಿನಲ್ಲಿ. ಎಲ್ಲ ಮುಗಿದ ಮೇಲೆ ಕಲಿಸಿದವರಿಗೆ ಒಂದೇ ಪ್ರಶ್ನೆ ಕೇಳುವುದು ಅವರ ಪದ್ಧತಿ. ಅದಕ್ಕೆ ಬಂದ ಉತ್ತರವನ್ನು ಅವರು ಎಂದೂ ಮೀರುತ್ತಿರಲಿಲ್ಲ.

ಅಪ್ಪ ಅಂದು ಚೆನ್ನಾಗಿಯೇ ಓಡಿಸಿದ. ತಪಾಸಣೆಯನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಮಾಡಿದ. ತಿರುವುಗಳಲ್ಲಿ ಆ ದೊಡ್ಡ ಗಾಡಿ ತುಂಬು ಬಸುರಿಯ ಹಾಗೆ ಜೋಪಾನವಾಗಿ ಹೊರಳಿತು. ಇಳಿಜಾರಿನ ನಡುವೆ ಒಂದು ಮನೆಯ ಗೇಟಿನಿಂದ ಕಾರೊಂದು ಹಿಂದುಮುಂದು ನೋಡದೆ ರಸ್ತೆಗೆ ಸರಿಯಿತು. ಅಧಿಕಾರಿಯ ಕಣ್ಣು ಕಾರಿನ ಮೇಲೆ. ಹಿಂದಿನ ಸೀಟಿನಲ್ಲಿದ್ದ ಮಗಳ ಕಣ್ಣು ಅಪ್ಪನ ಬೂಟಿನ ಮೇಲೆ. ಒತ್ತಿ ಬಿಟ್ಟ, ಒತ್ತಿ ಬಿಟ್ಟ, ಒತ್ತಿದ. ಮೀಟರಿನ ಮುಳ್ಳು ಮೂರು ಸಲ ತಗ್ಗಿತು. ಟ್ಯಾಂಕ್ ತುಂಬಿತ್ತು, ಗಾಡಿ ಖಾಲಿಯಿತ್ತು; ಬಜರ್ ಕೂಗುವಷ್ಟೇನೂ ಆಗಲಿಲ್ಲ. ಲಾರಿ ಕಾರಿನಿಂದ ಬೇಕಾದಷ್ಟು ದೂರದಲ್ಲಿ ನಿಂತಿತು. "ಒಳ್ಳೇದು" ಎಂದರು ಅಧಿಕಾರಿ.

ಅಂಗಳಕ್ಕೆ ಮರಳಿ ಎಲ್ಲರೂ ಕೆಳಗಿಳಿದರು. ಅಪ್ಪ ಹಣೆ ಒರೆಸಿಕೊಂಡು ನಗುತ್ತಿದ್ದ. ಅಧಿಕಾರಿ ಮಗಳ ಕಡೆ ತಿರುಗಿದರು.

"ನಿಮ್ಮ ತಂದೆ ಅಂತ ಗೊತ್ತು. ಆದ್ರೂ ಕೇಳ್ಲೇಬೇಕಲ್ಲ. ತುಂಬಿದ ಲಾರಿ, ಗುಡ್ಡದ ಇಳಿಜಾರು. ಇವರ ಪಕ್ಕದ ಸೀಟಲ್ಲಿ ನಿಮ್ಮ ಮನೆ ಮಗುನ ಕೂರಿಸಿ ಕಳಿಸ್ತೀರಾ?"

ಅವಳಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಆ ಸೀಟಿನಲ್ಲಿ ಕೂತ ಮಗು ತಾನೇ. ಆ ಕಾಲಿನಿಂದಲೇ ಉಳಿದ ಜೀವ ತನ್ನದು. ಈಗ ಅದೇ ಕಾಲಿನ ಮೇಲೆ ಚಾಡಿ ಹೇಳಬೇಕು. 'ಕಳಿಸ್ತೀನಿ' ಎಂದರೆ ಅಪ್ಪನಿಗೆ ಸ್ಟೇರಿಂಗ್ ಉಳಿಯುತ್ತದೆ. ಗುಡ್ಡದ ಆ ತಿರುವುಗಳೂ ಅವಳ ಕಣ್ಣಿಗೆ ಕಟ್ಟಿದ್ದವು. ಒಂದೊಂದಕ್ಕೂ ಮೂರು ಮೂರು ಚೊಂಬು ಚೆಲ್ಲುತ್ತ ಹೋದರೆ ಬುಡದ ತಿರುವಿಗೆ ಏನು ಉಳಿದಿರುತ್ತದೆ ಎಂಬುದೂ ಗೊತ್ತಿತ್ತು.

"ಇಲ್ಲ ಸಾರ್," ಎಂದಳು. "ಮೂರು ಸಲ ಒತ್ತಿದ್ರು."

ಅಪ್ಪನ ನಗು ಮುಖದಲ್ಲೇ ಒಣಗಿತು. ಅಧಿಕಾರಿ ತಲೆ ತಗ್ಗಿಸಿ, "ಇನ್ನೊಂದ್ಸಲ ಬನ್ನಿ ಯಜಮಾನ್ರೇ" ಎಂದು ಹೊರಟುಹೋದರು. ಅಪ್ಪ ಲಾರಿಯ ಕೀಲಿಯನ್ನು ಅವಳ ಕೈಗೆ ಕೊಡಲಿಲ್ಲ, ಬಾನೆಟ್ಟಿನ ಮೇಲಿಟ್ಟು ನಡೆದ.

ಸತ್ಯ ಹೇಳಿದವರಿಗೆ ಹಾರ ಹಾಕುವವರು ಪುಸ್ತಕದಲ್ಲಿ ಸಿಗುತ್ತಾರೆ. ಮನೆಯಲ್ಲಿ ಸಿಗುವುದು ಬೆನ್ನು. ಅಪ್ಪ ಇನ್ನೊಂದು ಸಲ ಹೋಗಲಿಲ್ಲ, ಮಗಳ ಜೊತೆ ಮಾತೂ ಆಡಲಿಲ್ಲ. ಗೋದಾಮಿನಲ್ಲಿ ಮೂಟೆ ಎಣಿಸುವ ಕುರ್ಚಿಯಲ್ಲಿ ಕೂತ. ಈಗ ಸಂಜೆ ಅವನ ಹುಬ್ಬಿನಲ್ಲಿ ಹಿಟ್ಟು ಇನ್ನೂ ಹೆಚ್ಚು, ಆದರೆ ಬಾಗಿಲಲ್ಲಿ ತಮಾಷೆಯಿಲ್ಲ. "ಉಂಡ ಮನೆಗೇ ಎರಡು ಬಗೆದಳಲ್ಲೇ!" ಎಂದು ಸೋದರತ್ತೆ ಬಂದು ಹೇಳಿಹೋದಳು. ಒಂದೇ ಕೋಣೆಯಲ್ಲಿ ಕೂತ ಅಪ್ಪ, ಮಗಳು ಅಮ್ಮನ ಮೂಲಕ ಮಾತಾಡಿದರು. "ಊಟ ಆರ್ತಿದೆ ಅಂತ ಹೇಳಮ್ಮ." "ಹಸಿವಿಲ್ಲ ಅಂತ ಹೇಳು ಅವಳಿಗೆ." ಒಂದು ದಿನ ಅಮ್ಮನ ಸಹನೆ ಮುರಿಯಿತು. "ನಾನೇನು ಈ ಮನೆಯ ಟೆಲಿಫೋನ್ ಕಂಬನಾ?" ಎಂದವಳೇ ತಟ್ಟೆಗಳನ್ನು ಮೇಜಿನ ಮೇಲೆ ಕುಕ್ಕಿ ಅಡುಗೆಮನೆಗೆ ಹೋಗಿ ಅತ್ತಳು. ಇಬ್ಬರೂ ತಟ್ಟೆ ನೋಡುತ್ತ ಕೂತರು.

ಶಾಲೆಗೆ ರಜೆಯಿರುವ ದಿನ ಮಗಳು ಕೂಲಿಗೆ ಹೊರಗಿನವರ ಲಾರಿ ಓಡಿಸುತ್ತಿದ್ದಳು. ಮಳೆಗಾಲ ಕಳೆದ ಮೇಲೊಂದು ಬೆಳಿಗ್ಗೆ ಹಿಟ್ಟಿನ ಕಂಪನಿಯಿಂದಲೇ ಕರೆ ಬಂತು. ಅವರ ಡ್ರೈವರ್ ಜ್ವರ ಬಂದು ಮಲಗಿದ್ದ. ಅವಳು ಹೋದಾಗ ಹೊರೆಯ ಜೊತೆ ಹೋಗಬೇಕಾದ ಆಳೂ ಬಂದಿರಲಿಲ್ಲ. ಮ್ಯಾನೇಜರ್ ಅತ್ತಿತ್ತ ನೋಡಿ, "ನಿಧಾನಪ್ಪಾ, ನೀವೇ ಹೋಗಿಬನ್ನಿ" ಎಂದ. ಅಪ್ಪ ಸ್ಟೇರಿಂಗಿನ ಹಿಂದೆ ಯಾರಿದ್ದಾರೆ ಎಂದು ನೋಡಿದ. ಆಮೇಲೆ ಹತ್ತಿ ಪಕ್ಕದ ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ.

ಊರು ದಾಟುವವರೆಗೆ ಅವನ ಮುಖ ಕಿಟಕಿಯ ಕಡೆಗಿತ್ತು. ಗುಡ್ಡದ ನೆತ್ತಿಯ ಹತ್ತಿರ ಸಣ್ಣದೊಂದು ಇಳಿಜಾರು. ಎದುರಿನ ಬಸ್ಸೊಂದು ತಿರುವಿನಲ್ಲಿ ಅಗಲವಾಗಿ ಬಂತು. ಮಗಳು ಬ್ರೇಕ್ ಒತ್ತಿ ಹಿಡಿದಳು. ಪಕ್ಕದಲ್ಲಿ ರಬ್ಬರ್ ಹಾಸಿನ ಮೇಲೆ ಬೂಟು ಬಡಿದ ಸದ್ದಾಯಿತು, ದಬ್, ದಬ್, ದಬ್. ಅವಳು ಕೇಳಿಸದವಳ ಹಾಗೆ ಮುಂದೆ ನೋಡಿದಳು. ಅವನು ತನ್ನ ಕಾಲನ್ನೇ ನೋಡುತ್ತಿದ್ದ.

ನೆತ್ತಿಯಲ್ಲಿ ದೊಡ್ಡ ಗಾಡಿಗಳು ಬ್ರೇಕ್ ನೋಡಿಕೊಳ್ಳಲೆಂದು ನಿಲ್ಲುವ ಜಾಗವಿದೆ. ಅವಳು ನಿಲ್ಲಿಸಿ ಇಳಿದು ಟಯರುಗಳನ್ನು ತಟ್ಟಿ ನೋಡಿದಳು. ಅಪ್ಪನೂ ಇಳಿದು, ಯಾರೂ ಹೇಳದೆ, ಬಗ್ಗಿ ಒಂದೊಂದು ಚಕ್ರಕ್ಕೂ ಕಿವಿಗೊಟ್ಟು ಬಂದ. ಎಲ್ಲೂ ಸೋರಿಕೆಯಿರಲಿಲ್ಲ. ಅವಳು ಹತ್ತಿ ಮುಳ್ಳು ನೋಡಿದಳು, ಗಾಳಿ ತುಂಬಿತ್ತು. ಪಕ್ಕಕ್ಕೆ ತಿರುಗಿದಾಗ ಅಪ್ಪ ಬೂಟುಗಳನ್ನು ಬಿಚ್ಚುತ್ತಿದ್ದ. ಬಿಚ್ಚಿ ಮೂಲೆಗೆ ಸರಿಸಿ, ಎರಡೂ ಕಾಲುಗಳನ್ನು ಸೀಟಿನ ಮೇಲೆ ಮಡಿಸಿ, ಚಕ್ಕಳಮಕ್ಕಳ ಹಾಕಿ ಕೂತ.

"ಇದೇನಪ್ಪಾ?" ಅವಳ ಬಾಯಿಂದ ತಾನಾಗಿ ಬಂತು.

"ಇದು ನನ್ನ ಮಾತು ಕೇಳಲ್ಲ ಕಣೇ," ಎಂದು ಅಪ್ಪ ಮಡಿಸಿದ ಬಲಮೊಣಕಾಲನ್ನು ಅಂಗೈಯಿಂದ ಅದುಮಿ ಹಿಡಿದ. "ಕೆಳಗಿದ್ರೆ ಸುಮ್ನೆ ಇರಲ್ಲ. ಅದಕ್ಕೇ ಮೇಲೆ ಎತ್ತಿಟ್ಕೊಂಡಿದ್ದೀನಿ. ನೀನು ಇಳಿಸು, ಮಗಳೇ."

ಅವಳು ಕಣ್ಣೊರೆಸಿಕೊಂಡು, ಗೇರ್ ತಗ್ಗಿಸಿ, ಲಾರಿಯನ್ನು ಇಳಿಜಾರಿಗೆ ತಂದಳು.