ತಲೆಗೆ ಹೊಡೆದು ಹಾರಲು ಕಲಿಸಿದವರು

ನನಗೆ ವಿಮಾನ ಹಾರಿಸಲು ಕಲಿಸುತ್ತಿದ್ದ ಆ ಮಹಾನುಭಾವರ ನೆನಪಾದರೆ ಇಂದಿಗೂ ಹಲ್ಲು ಕಡಿಯುವಂತಾಗುತ್ತದೆ. ಎತ್ತರ ಎಷ್ಟು, ವೇಗ ಎಷ್ಟು, ದಿಕ್ಕು ಯಾವುದು ಎಂದು ಒಟ್ಟೊಟ್ಟಿಗೆ ಕೇಳುವುದು. ನಾನು ಬಾಯಿ ತೆರೆಯುವಷ್ಟರಲ್ಲಿ ಸುರುಳಿ ಸುತ್ತಿದ ನಕ್ಷೆಯಿಂದ ತಲೆಗೆ ಫಟ್ಟೆಂದು ಬಾರಿಸುವುದು. ಮುಂದಿನ ಏಟು ಯಾವಾಗ ಎಂದು ಕಾಯುವುದರಲ್ಲೇ ನನ್ನ ಅರ್ಧ ಬುದ್ಧಿ ಖರ್ಚಾಗುತ್ತಿತ್ತು. ಕೊನೆಗೊಂದು ದಿನ, "ನಿನ್ನ ತಲೇಲಿ ಮೂರು ವಿಷಯ ನಿಲ್ಲಲ್ಲ. ಊರಿಗೆ ಹೋಗಿ ಇಡ್ಲಿ ಮಾರು," ಎಂದು ಕಳಿಸಿಯೇಬಿಟ್ಟರು. ಎಪ್ಪತ್ತರ ದಶಕದ ಕೊನೆ ಅದು. ಪೈಲಟ್ ಆಗುತ್ತೇನೆಂದು ಊರಿಡೀ ಸಾರಿ ಹೊರಟಿದ್ದ ನಾನು ಮುಖ ತಗ್ಗಿಸಿಕೊಂಡು ಮಂಗಳೂರಿಗೆ ಬಂದೆ. ಮುಯ್ಯಿ ತೀರಿಸದೆ ಬಿಡಬಾರದೆಂದು ಬಸ್ಸಿನಲ್ಲೇ ತೀರ್ಮಾನಿಸಿದ್ದೆ.

ಹಂಪನಕಟ್ಟೆಯಲ್ಲಿ ನಮ್ಮ ತಂದೆಯ ಹೋಟೆಲು. ಅಲ್ಲೇ ಸಪ್ಲೈಗೆ ನಿಂತೆ. ನಮ್ಮಲ್ಲಿ ಆರ್ಡರು ಬರೆದುಕೊಳ್ಳುವ ಪದ್ಧತಿಯಿಲ್ಲ, ಎಲ್ಲ ತಲೆಯಲ್ಲೇ. ಹಳೆಯ ಸಪ್ಲೈಯರ್ ಒಬ್ಬರು ಗುಟ್ಟು ಹೇಳಿಕೊಟ್ಟರು: "ಕೊಟ್ಟು ಆದದ್ದನ್ನು ಬಿಟ್ಟುಬಿಡಿ ಮಾರಾಯ್ರೆ. ಬಾಕಿ ಉಂಟಲ್ಲ, ಅದನ್ನು ಮಾತ್ರ ಹಿಡ್ಕೊಳ್ಳಿ." ವರ್ಷ ತುಂಬುವುದರೊಳಗೆ ನಾಲ್ಕು ಮೇಜುಗಳನ್ನು ಒಟ್ಟಿಗೆ ನಿಭಾಯಿಸುತ್ತಿದ್ದೆ.

ಒಂದು ಮಧ್ಯಾಹ್ನ ಅದೇ ನಕ್ಷೆಯ ಆಸಾಮಿ ಬಂದೇಬಿಟ್ಟರು! ನಾಲ್ವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬಜ್ಪೆ ವಿಮಾನ ನಿಲ್ದಾಣಕ್ಕೆ ಹಾರಿ ಬಂದವರು, ತಿಂಡಿಗೆಂದು ಪೇಟೆಗೆ ಇಳಿದಿದ್ದರು. ನನ್ನನ್ನು ಕಂಡು ಕಿಸಕ್ಕನೆ ನಕ್ಕರು. ಅವರ ಮೇಜಿನದೂ ಪಕ್ಕದ ಮೂರು ಮೇಜುಗಳದೂ ಆರ್ಡರನ್ನು ಒಮ್ಮೆಲೇ ಕೇಳಿಕೊಂಡು, ಒಂದೂ ತಪ್ಪದೆ ತಂದಿಟ್ಟೆ.

ತಿಂದಾದ ಮೇಲೆ ತಟ್ಟೆ ಎತ್ತುವಾಗ, "ಪರವಾಗಿಲ್ವೇ! ಈ ನೆನಪು ವಿಮಾನದಲ್ಲಿ ಎಲ್ಲಿ ಹೋಗಿತ್ತೋ?" ಎಂದರು.

ಇದಕ್ಕೇ ಕಾದಿದ್ದೆ. "ಹೇಳ್ತೇನೆ ಸಾರ್. ನಿಮ್ಮ ಮೇಜಿನಲ್ಲಿ ಯಾರು ಎಂತ ತಿಂದದ್ದು? ಬೇಗ ಹೇಳಿ!" ಎಂದು ಸ್ಟೀಲಿನ ಟ್ರೇಯನ್ನು ಅವರ ಮುಂದೆಯೇ ದಡಾರನೆ ಬಡಿದೆ.

"ಇವನಿಗೆ ಬನ್ಸು..." ದಡಾರ್! "ಅವನಿಗೆ ಗೋಳಿಬಜೆ... ಅಲ್ಲ, ದೋಸೆ..." ದಡಾರ್! ಮೂರನೆಯವನ ಹತ್ತಿರ ಬಾಯಿ ಕಟ್ಟಿಹೋಯಿತು. ಅವರ ಕೈ ತಾನಾಗಿಯೇ ತಲೆಗೆ ಅಡ್ಡ ಬಂದಿತ್ತು. ವಿದ್ಯಾರ್ಥಿಗಳು ನಗಲಿಲ್ಲ, ಒಬ್ಬ ಮೆಲ್ಲಗೆ ತನ್ನ ನೆತ್ತಿ ಮುಟ್ಟಿಕೊಂಡ. ಅಬ್ಬಾ, ನನ್ನ ಹೊಟ್ಟೆ ತಣ್ಣಗಾಯಿತು!

"ಹೊಡೆಯುವವರು ಪಕ್ಕದಲ್ಲಿದ್ರೆ ನೆನಪು ಹೀಗೇ ಹೋಗ್ತದೆ ಸಾರ್," ಎಂದೆ.

ಕೈ ತೊಳೆದು ಬಂದವರು ದನಿ ತಗ್ಗಿಸಿ, "ಮುಂದಿನ ತಿಂಗಳು ತರಬೇತಿಗೆ ವಾಪಸ್ ಬಾ. ಬೇರೆಯವರ ಹತ್ರ ಕಲಿ," ಎಂದರು.

"ಬರ್ತೇನೆ. ಆದ್ರೆ ಬೇರೆಯವರು ಬೇಡ. ಪಕ್ಕದಲ್ಲಿ ನೀವೇ ಕೂತ್ಕೊಳ್ಳಿ, ಕೈಕಟ್ಟಿ."

ಹಾಗೆಯೇ ಕೂತರು. ನಾನು ಪಾಸಾದ ಕಾಗದಕ್ಕೆ ಸಹಿಯನ್ನೂ ಅವರಿಂದಲೇ ಹಾಕಿಸಿಕೊಂಡೆ.